‘ಮನೇಲಿ ಜ್ವರ, ಎದ್ದ ಮೇಲೆ ಬರ್ತಾರಂತೆ’

ನಮ್ಮನೇಲಿ ಶೇಕ್‌ದಾರ ಸತ್ತುಹೋದ.

ಗಾಬರಿಯಾಗಬೇಡಿ. ಶೇಕ್‌ದಾರ ಅಂದರೆ ನಮ್ಮ ನಾಯಿ. ನಮ್ಮನೆಯವರು ಇಲ್ಲೇ ಚಿಕ್ಕಬಳ್ಳಾಪುರದ ತಾಲ್ಲೂಕು ಕಚೇರೀಲಿ ಗುಮಾಸ್ತರು. ಕಚೇರೀಲಿ ಕಂದಾಯ ವಸೂಲಿಯ ಶೇಕ್‌ದಾರರು ಬಂದರೆ ಎದ್ದು ನಿಲ್ಲಬೇಕು. ಮನೇಲಾದರೂ ಒಬ್ಬ ಶೇಕ್‌ದಾರನಿಗೆ “ಕೂತ್ಕೊಳೋ” ಅನ್ನೋ ಭಾಗ್ಯ ಇರಲಿ ಅಂತ ಮರಿ ತಂದ ದಿನವೇ ಆ ಹೆಸರಿಟ್ಟರು. (ಹೆಸರಿಗೆ ತಕ್ಕ ಹಾಗೆ ಅವನೂ ದಿನಾ ಬೀದಿಯ ಮನೆಗಳನ್ನೆಲ್ಲ ಸುತ್ತಿ ತನ್ನ ಪಾಲು ವಸೂಲಿ ಮಾಡ್ಕೊಂಡು ಬರ್ತಿದ್ದ.)

ಹೋದ ವಾರ ಈ ಜಾಗದಲ್ಲಿ ನನ್ನ ಬರಹ ಇರಲಿಲ್ಲ. ‘ಲೇಖಕಿಗೆ ಅನಾರೋಗ್ಯ’ ಅಂತ ಸಂಪಾದಕರು ಒಂದು ಸಾಲು ಹಾಕಿದ್ದರು. ಪಾಪ, ಒಳ್ಳೆ ಮನಸ್ಸಿನಿಂದ ಹಾಕಿದ್ದು. ಆದರೆ ಸುಳ್ಳು. ನಾನು ಗುಂಡುಕಲ್ಲಿನ ಹಾಗಿದೀನಿ. ಅನಾರೋಗ್ಯ ಯಾರಿಗೆ ಅನ್ನೋದೇ ಈ ವಾರದ ವಿಷಯ.

ಸಾಕಿದ ನಾಯಿ ಮನೇಲಿ ಸತ್ತರೆ ಏನು ಮಾಡಬೇಕು ಹೇಳಿ? ನೀವು ಏನು ಮಾಡ್ತೀರೋ ನಾವೂ ಅದನ್ನೇ ಮಾಡಿದ್ವಿ. ಅತ್ವಿ, ಅಗೆದ್ವಿ, ಹೂತ್ವಿ, ಸ್ನಾನ ಮಾಡಿದ್ವಿ. ಪೂರ್ತಿ ತಪ್ಪು.

ಹೋದ ಶುಕ್ರವಾರದ ಹಿಂದಿನ ಶುಕ್ರವಾರ ಬೆಳಗ್ಗೆ ನೋಡ್ತೀನಿ, ಬಚ್ಚಲು ಮನೆ ಒಲೆಯ ಹಿಂದೆ ಸೆಟೆದುಕೊಂಡು ಬಿದ್ದಿದಾನೆ. ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲ. ಕೆಳಗಿನ ದವಡೆ ಜೋತುಬಿದ್ದು ಜೊಲ್ಲು ಸುರೀತಿತ್ತು. ಬೊಗಳಿದರೆ ಅವನ ದನಿಯೇ ಅಲ್ಲ. “ಗಂಟಲಲ್ಲಿ ಮೂಳೆ ಸಿಕ್ಕಿದೆ ಕಣೇ” ಅಂತ ನಮ್ಮನೆಯವರು ಗುರುವಾರ ಸಾಯಂಕಾಲ ಬಾಯೊಳಗೆ ಕೈ ಹಾಕಿ ತಡಕಾಡಿದ್ದರು. ಮೂಳೆ ಸಿಗಲಿಲ್ಲ. ಹಲ್ಲು ತಗಲಿ ಬೆರಳು ತರಚಿತು, ಅಷ್ಟೆ.

ನಮ್ಮನೆಯವರು ನಾಯಿ ಮುಂದೆ ಕುಕ್ಕರಗಾಲಲ್ಲಿ ಕೂತು ಅತ್ತರು. ಹನ್ನೆರಡು ವರ್ಷದ ಸಂಸಾರದಲ್ಲಿ ಅವರು ಅತ್ತಿದ್ದು ನಾನು ನೋಡಿದ್ದು ಅದೇ ಮೊದಲು. ನಾನೂ ಅತ್ತೆ. ಹಾರೆ, ಸಲಿಕೆ ಹುಡುಕಿದ್ವಿ. ಪಕ್ಕದ ಮನೆ ಸುಬ್ಬಮ್ಮನೋರು ಗೋಡೆ ಮೇಲಿಂದ ತಲೆ ಹಾಕಿದರು. ಅವರು ಚಿಂತಾಮಣಿ ಕಡೆಯವರು. ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಲ್ಲಿ ಮುಗಿಯುತ್ತೆ.

“ಗುಂಡಿ ಇನ್ನೂ ಆಳ ಇರಬೇಕಮ್ಮ. ಉಪ್ಪು ಎಕ್ಕುವ ವೆಯ್ಯಂಡಿ.”

ಉಪ್ಪು ಜಾಸ್ತಿ ಹಾಕಿ ಅಂತ. ಹಾಕಿದ್ವಿ. ತಲೆ ಯಾವ ದಿಕ್ಕಿಗೆ ಇಡಬೇಕು? ಅದೂ ಚರ್ಚೆಯಾಯ್ತು. ನಾಯಿಗೆ ಸೂತಕ ಉಂಟೋ ಇಲ್ಲವೋ? ತಲೆಗೆ ಸ್ನಾನವೋ, ಕೈಕಾಲು ತೊಳೆದರೆ ಸಾಕೋ? ಆವತ್ತು ದೇವರ ಮುಂದೆ ದೀಪ ಹಚ್ಚಬಹುದೋ? ಮೇಲೆ ತುಳಸಿ ನೆಡೋದೋ, ಕಣಗಿಲೆ ನೆಡೋದೋ? ಇಷ್ಟನ್ನೂ ಕೂಲಂಕಷವಾಗಿ ಕೇಳಿದ್ವಿ, ಹೇಳಿದ್ವಿ, ತೀರ್ಮಾನ ಮಾಡಿದ್ವಿ.

ಒಂದು ಮಾತನ್ನ ಮಾತ್ರ ಯಾರೂ ಕೇಳಲಿಲ್ಲ. ಇವನು ಸತ್ತಿದ್ದು ಯಾತರಿಂದ?

ಅದನ್ನ ಕೇಳಿದ್ದು ಮಾರನೇ ದಿನ, ದನದ ಡಾಕ್ಟರು. ಶನಿವಾರ ಬೆಳಗ್ಗೆ ಏನೋ ಕಾಗದ ಹಿಡಿದು ಕಚೇರಿಗೆ ಬಂದಿದ್ದರಂತೆ. ನಮ್ಮನೆಯವರ ಮುಖ ನೋಡಿ “ಯಾಕೆ ಹೀಗಿದೀರಿ?” ಅಂದಿದಾರೆ. ಇವರು ಹೇಳಿದಾರೆ. ಕಾಗದ ಮೇಜಿನ ಮೇಲೇ ಬಿಟ್ಟು, ಇವರನ್ನ ಸೈಕಲ್ ಹಿಂದೆ ಕೂರಿಸಿಕೊಂಡು ನೇರ ನಮ್ಮನೆಗೇ ಬಂದರು. ಕಾಫಿ ಬೇಡ ಅಂದರು. ಸರ್ಕಾರಿ ಡಾಕ್ಟರು ಕಾಫಿ ಬೇಡ ಅಂದರೆ ವಿಷಯ ದೊಡ್ಡದೇ.

“ಬಾಯಿ ಜೋತುಬಿದ್ದಿತ್ತಾ ಅಮ್ಮ?”

“ಹೂಂ.”

“ಕತ್ತಲೆ ಹುಡುಕ್ಕೊಂಡು ಹೋಗ್ತಿತ್ತಾ?”

“ಬಚ್ಚಲ ಒಲೆ ಹಿಂದೇನೇ ಇತ್ತು.”

“ಬೇರೆ ನಾಯಿ ಜೊತೆ ಕಚ್ಚಾಡಿತ್ತಾ?”

“ಯುಗಾದಿ ಹೊತ್ತಿಗೆ ಯಾವುದೋ ಬೀದಿನಾಯಿ ಬಂದು ಕಿವಿ ಹರಿದುಹಾಕಿತ್ತು.”

ಅವರು ನಮ್ಮನೆಯವರ ಬೆರಳು ಹಿಡಿದು ನೋಡಿದರು. ಹಿತ್ತಲ ಕಡೆ ನೋಡಿದರು. ನಿನ್ನೆ ನೆಟ್ಟ ಕಣಗಿಲೆ ಬಾಡಿ ನಿಂತಿತ್ತು.

“ಹೂತುಬಿಟ್ರಲ್ಲಮ್ಮ. ನನಗೆ ಅದರ ತಲೆ ಬೇಕಿತ್ತು.”

ತಲೆ! ನಾವು ಆ ತಲೆಗೆ ದಿಕ್ಕು ನೋಡಿ, ಅರಿಶಿನ ಕುಂಕುಮ ಇಟ್ಟು ಮಣ್ಣು ಮಾಡಿದೀವಿ. ಡಾಕ್ಟರು ವಿವರಿಸಿದರು. ಸತ್ತ ನಾಯಿಯ ತಲೇನ ಐಸಿನಲ್ಲಿಟ್ಟು ಕಳಿಸಿದರೆ, ಮೆದುಳು ಪರೀಕ್ಷೆ ಮಾಡಿ ಹುಚ್ಚು ಹೌದೋ ಅಲ್ಲವೋ ಹೇಳ್ತಾರಂತೆ. ಈಗ ಉಪ್ಪು ಬಿದ್ದಿದೆ, ಬಿಸಿಲಿಗೆ ಒಂದು ದಿನವೂ ಆಗಿದೆ. ಅಗೆದು ಪ್ರಯೋಜನ ಇಲ್ಲ, ಅಗೆಯೋದು ಅಪಾಯ ಬೇರೆ.

“ಹುಚ್ಚೇ ಅಂತ ಇಟ್ಕೊಂಡು ನಡೀಬೇಕು. ಬೊಗಳಿ ಓಡಾಡಿ ಕಚ್ಚೋದೊಂದೇ ಹುಚ್ಚಲ್ಲ. ಹೀಗೆ ಮೂಲೆ ಸೇರಿ, ದವಡೆ ಜೋತುಬಿದ್ದು ಸಾಯೋದೂ ಹುಚ್ಚೇ. ಜನ ಮೂಳೆ ಸಿಕ್ಕಿದೆ ಅಂತ ಕೈ ಹಾಕ್ತಾರೆ.” ಅಷ್ಟು ಹೇಳಿ ನಮ್ಮನೆಯವರ ಕಡೆ ತಿರುಗಿದರು. “ನೀವು ನಾಳೆಯಿಂದ ಆಸ್ಪತ್ರೆಗೆ. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್.”

ಹಾಗೇ ಒಂದು ಕಾಗದ ಕೇಳಿದರು. ಹದಿನೈದು ದಿನದಿಂದ ಈ ನಾಯಿ ಯಾರಿಗೆ ಬಾಯಿ ಹಾಕಿದೆ, ಯಾರನ್ನ ಪರಚಿದೆ, ಯಾರ ಗಾಯ ನೆಕ್ಕಿದೆ ಅಂತ ಲಿಸ್ಟ್ ಮಾಡಬೇಕು. ಒಬ್ಬರೂ ಬಿಟ್ಟುಹೋಗಬಾರದು. ಇಂಜೆಕ್ಷನ್ ಬೇಗ ತಗೊಂಡರೆ ಜೀವ ಉಳಿಯುತ್ತೆ. ಕಾಯಿಲೆ ಕಾಣಿಸಿಕೊಂಡ ಮೇಲೆ ಯಾವ ಡಾಕ್ಟರ ಕೈಲೂ ಏನೂ ಆಗಲ್ಲ.

ಮೊದಲ ಹೆಸರು ನಮ್ಮನೆಯವರದು. ನನ್ನ ಮೈಮೇಲೆ ಒಂದು ಗೀರೂ ಇರಲಿಲ್ಲ. ಮಕ್ಕಳು ಪುಣ್ಯಕ್ಕೆ ತಿಂಗಳಿಂದ ಗೌರಿಬಿದನೂರಿನ ಅಜ್ಜಿ ಮನೇಲಿ ರಜ ಕಳೀತಿದ್ದರು. ಸುಬ್ಬಮ್ಮನೋರು ಗೋಡೆ ಮೇಲಿಂದಲೇ “ನಾನು ಅದನ್ನ ಮುಟ್ಟೇ ಇಲ್ಲಪ್ಪಾ” ಅಂದರು. ಹೂವಾಡಗಿತ್ತಿಗೆ ಒಂದು ಸಲ ನುಗ್ಗಿದ್ದ. ಕರೆಸಿ ಕೇಳಿದ್ವಿ. ಸೆರಗು ಹರಿದಿತ್ತು, ಹಲ್ಲು ತಾಕಿರಲಿಲ್ಲ. ಅಬ್ಬ ಅಂದುಕೊಂಡೆ.

ಆಗ ನಮ್ಮನೆಯವರು ಮೆತ್ತಗೆ ಅಂದರು: “ಅತ್ತೆ?”

ನನ್ನ ಕೈಲಿದ್ದ ಪೆನ್ನು ನಿಂತೇಹೋಯ್ತು.

ಅಮ್ಮ ಬಂದು ನಮ್ಮನೇಲಿ ಐದು ದಿನ ಇದ್ದು, ಹಿಂದಿನ ಭಾನುವಾರವಷ್ಟೇ ಮೇಲೂರಿಗೆ ವಾಪಸ್ ಹೋಗಿದ್ದಳು. ಅಲ್ಲಿ ನನ್ನ ತಮ್ಮ ನಾರಾಯಣ ರೇಷ್ಮೆ ಸಾಕ್ತಾನೆ, ಅಮ್ಮ ಜೊತೇಲಿದಾಳೆ. (ಹಾಗಂತ ಹೇಳೋದು. ಯಜಮಾನಿಕೆ ಯಾರದು ಅಂತ ಆ ಮನೆ ಹುಳುವಿಗೂ ಗೊತ್ತು.) ನಮ್ಮ ಕಡೆ ಹಳೇ ಹೆಂಗಸರು ಅಳಿಯನ ಎದುರಿಗೆ ಬರೋಲ್ಲ, ಮಾತಾಡೋಲ್ಲ. ಇವರು ನಡುಮನೇಲಿದ್ದರೆ ಅಮ್ಮ ಅಡುಗೆಮನೆ ಬಾಗಿಲ ಹಿಂದೆ ನಿಂತು, “ಎಲೆ ಹಾಕಿದೆ, ಏಳಬಹುದಂತೆ ಅನ್ನೇ” ಅಂತ ನನ್ನ ಬಾಯಲ್ಲಿ ಹೇಳಿಸ್ತಾಳೆ. ಹಾಗಾಗಿ ನಮ್ಮನೇಲಿ ಅವಳಿಗೆ ಅಡುಗೆಮನೆ, ಹಿತ್ತಲು, ಶೇಕ್‌ದಾರ, ಇಷ್ಟೇ ಪ್ರಪಂಚ. ಮುದ್ದೆ ಮುರಿದು ಕೈಯಾರೆ ಬಾಯಿಗೇ ಇಡೋಳು. “ಯಾರಿಗೂ ಬೇಡವಾದೋರು ನಾವಿಬ್ರು ಹಿತ್ತಲಲ್ಲಿದೀವಿ ನೋಡಪ್ಪ” ಅಂತ ಅವನ ಹತ್ರ ನನ್ನ ಮೇಲೆ ಚಾಡಿ ಬೇರೆ.

“ಅಮ್ಮಂಗೆ ಕಚ್ಚಿಲ್ಲ” ಅಂದೆ ಡಾಕ್ಟರಿಗೆ. “ಹೊರಡೋ ಹಿಂದಿನ ದಿನ ಹುರುಳಿಕಾಯಿ ಹೆಚ್ಚುವಾಗ ಈಳಿಗೆ ಮಣೆ ತಗುಲಿ ಕೈ ಕುಯ್ದುಕೊಂಡಳು, ಅಷ್ಟೆ.”

“ಆ ಗಾಯ ನಾಯಿ ನೆಕ್ಕಿದ್ದರೂ ಸಾಕಮ್ಮ. ಕರೆಸಿ.”

ಮೇಲೂರಿಗೆ ಫೋನೆಲ್ಲಿ? ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ನಮಗೆ ಗೊತ್ತಿರೋರು. ಅವರ ಕೈಗೆ ಚೀಟಿ ಕೊಟ್ಟೆ. ‘ಶೇಕ್‌ದಾರ ನಿನಗೆ ಕಚ್ಚಿದ್ದನಾ? ಕಚ್ಚಿದ್ದರೆ, ಇಲ್ಲ ಗಾಯ ನೆಕ್ಕಿದ್ದರೂ, ಈಗಲೇ ಹೊರಟು ಬಾ.’ ನಾಯಿ ಸತ್ತ ವಿಷಯ ಬರೀಲಿಲ್ಲ. “ಪಾಪ, ಅತ್ತೆಗೆ ಅವನು ಅಂದರೆ ಪ್ರಾಣ. ಚೀಟೀಲಿ ಬೇಡ, ಬಂದ ಮೇಲೆ ಹೇಳೋಣ” ಅಂದರು ನಮ್ಮನೆಯವರು. ನನಗೂ ಸರಿ ಅನ್ನಿಸ್ತು. ಆ ಒಂದು ಸಾಲು ಬಿಟ್ಟಿದ್ದಕ್ಕೆ ಎಷ್ಟು ದಂಡ ತೆತ್ತೆ ಅಂತ ಮುಂದೆ ಹೇಳ್ತೀನಿ.

ಸಾಯಂಕಾಲ ಅದೇ ಬಸ್ಸು ವಾಪಸ್ ಬಂತು. ಬಸ್ ಸ್ಟ್ಯಾಂಡಿನಲ್ಲೇ ಕಾಯ್ತಾ ನಿಂತಿದ್ದೆ. ಕಂಡಕ್ಟರ್ ಫುಟ್‌ಬೋರ್ಡ್ ಮೇಲಿಂದಲೇ ಹೇಳಿದರು:

“ನಿಮ್ಮ ತಮ್ಮನ ಹೆಂಡ್ತಿ ಸಿಕ್ಕಿದ್ರು ಅಕ್ಕ. ಅಂಥಾದ್ದೇನೂ ಆಗಿಲ್ಲವಂತೆ. ಮನೇಲಿ ಜ್ವರ, ಎದ್ದ ಮೇಲೆ ಬರ್ತಾರಂತೆ.”

ನನಗೆ ನಗು ಬಂತು. ನಿಜವಾಗಲೂ ನಕ್ಕೆ!

ರೇಷ್ಮೆ ಗೊತ್ತಿಲ್ಲದವರಿಗೆ ಹೇಳಬೇಕು. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತೆ. ಆಮೇಲೆ ಪೊರೆ ಬಿಟ್ಟು ಏಳುತ್ತೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ. ‘ಮನೇಲಿ ಜ್ವರ’ ಅಂದರೆ ಹುಳು ಜ್ವರಕ್ಕೆ ಕೂತಿವೆ. ‘ಎದ್ದ ಮೇಲೆ’ ಅಂದರೆ ಹುಳು ಎದ್ದ ಮೇಲೆ. ನಾನು ಹುಟ್ಟಿದ್ದೇ ಹುಳು ತಟ್ಟೆಗಳ ಪಕ್ಕದಲ್ಲಿ. ನನಗೆ ಅರ್ಥ ಹೇಳಿಕೊಡಬೇಕೇ? ಒಂದು ದಿನದ ಮಾತು. ಎರಡು ದಿನದೊಳಗೆ ಅಮ್ಮ ಬಂದೇ ಬರ್ತಾಳೆ.

ಮನೆಗೆ ಬಂದು ಹೇಳಿದೆ. ನಮ್ಮನೆಯವರ ಮುಖ ಇಳಿದೇಹೋಯ್ತು.

“ಜ್ವರ ಅತ್ತೆಗೇ ಇರಬಹುದಲ್ಲೇ?”

“ರೀ, ಸುಮ್ನಿರಿ. ಗೌರಿಬಿದನೂರಿನೋರಿಗೆ ಕಡ್ಲೆಕಾಯಿ ಬಿಟ್ಟು ಬೇರೇನು ಗೊತ್ತು? ರೇಷ್ಮೆ ಮನೇಲಿ ಜ್ವರ ಅಂದ್ರೆ ಹುಳುವಿನದು.”

“ಜ್ವರ ಅಂದ್ರೆ ಜ್ವರ ಕಣೇ” ಅಂದರು. ಅಷ್ಟೇ ಅಂದಿದ್ದು. ನಾನು ಬಿಡ್ತೀನಾ? ಊಟ ಮುಗಿಯೋವರೆಗೂ ಆ ಮನುಷ್ಯನನ್ನ ಹಂಗಿಸಿದೆ. (ನನ್ನ ನಾಲಿಗೆ ಎಂಥಾದ್ದು ಅಂತ ಈ ಅಂಕಣ ಓದೋರಿಗೆ ಗೊತ್ತು. ಮನೇಲಿರೋರಿಗೆ ಇನ್ನೂ ಚೆನ್ನಾಗಿ ಗೊತ್ತು.)

ಭಾನುವಾರ ಅವರಿಗೆ ಮೊದಲ ಇಂಜೆಕ್ಷನ್. ಸೋಮವಾರ ಬೆಳಗ್ಗೆ ಎರಡನೇದು. ಆವತ್ತು ನಾನೂ ಜೊತೆಗೆ ಹೋಗಿ ಆಸ್ಪತ್ರೆ ಜಗಲಿ ಮೇಲೆ ಕೂತಿದ್ದೆ. ಒಳಗಿಂದ ಅವರ ಕೆಮ್ಮು ಕೇಳ್ತಿತ್ತು. ನೋವು ಬಂದಾಗ ಅವರು ಕೆಮ್ಮುತ್ತಾರೆ. ಸುಮ್ಮನೆ ಕೂರಲಾರದೆ ಬೆರಳು ಮಡಚಿ ಲೆಕ್ಕ ಹಾಕ್ತಾ ಇದ್ದೆ. ಇವತ್ತಾದರೂ ಹುಳು ಎದ್ದಿರಬೇಕಲ್ಲ? ಅಮ್ಮ ಯಾವ ಬಸ್ಸಿಗೆ ಬರಬಹುದು?

ಅಮ್ಮ ನಮ್ಮನೆಯಿಂದ ಹಿಂದಿನ ಭಾನುವಾರ ಹೊರಟಿದ್ದು ಯಾಕೆ? “ನಾಳೆ ಮೊಟ್ಟೆ ಒಡೀತಾವೆ, ನಾನಿಲ್ಲದಿದ್ರೆ ಆಗಲ್ಲ” ಅಂತ. ಅಂದರೆ ಹುಳು ಹುಟ್ಟಿದ್ದು ಸೋಮವಾರ. ಮೊದಲನೇ ಜ್ವರ ಗುರುವಾರದ ಹೊತ್ತಿಗೆ. ಶುಕ್ರವಾರ ಎದ್ದಿರಬೇಕು. ಎರಡನೇದು ಇವತ್ತಿಗೆ ಮುಂಚೆ ಬರೋ ಹಾಗಿಲ್ಲ.

ಹಾಗಾದರೆ ಕಂಡಕ್ಟರ್ ಸುದ್ದಿ ತಂದ ಶನಿವಾರ?

ಶನಿವಾರ ಯಾವ ಜ್ವರವೂ ಇಲ್ಲ. ಇನ್ನೊಂದು ಸಲ ಮಡಚಿದೆ. ಎಡಗೈ, ಆಮೇಲೆ ಬಲಗೈ. ಇಲ್ಲ. ಅದೂ ಅಲ್ಲದೆ, ಗಸಗಸೆ ಗಾತ್ರದ ಮರಿಹುಳು ಜ್ವರಕ್ಕೆ ಕೂತಿವೆ ಅಂತ ಯಾರಾದರೂ ಮನೆ ಬಿಟ್ಟು ಕದಲದೆ ಇರ್ತಾರಾ? ನಾಲ್ಕನೇ ಜ್ವರದ ಹೊತ್ತಿಗೆ ತಾನೇ ಮನೆಯವರೆಲ್ಲ ಬೇಕಾಗೋದು? ಅದಕ್ಕೆ ಇನ್ನೂ ವಾರದ ಮೇಲಿದೆ.

ಮೇಲೂರಿನಲ್ಲಿ ಜ್ವರ ಬಂದಿದ್ದು ಹುಳುವಿಗಲ್ಲ.

ಅದರ ಹಿಂದೆಯೇ ಇನ್ನೊಂದು ನೆನಪಾಯ್ತು. ಐದು ವರ್ಷದ ಹುಡುಗಿಯಾಗಿದ್ದಾಗಿಂದ ಸೊಪ್ಪು ಹೆಚ್ಚಿದ ಕೈ ಅಮ್ಮನದು. ಕಣ್ಣು ಮುಚ್ಚಿ ಹೆಚ್ಚುತ್ತಾಳೆ. ಅವಳಿಗೆ ಈಳಿಗೆ ತಗುಲ್ತಾ? ಆವತ್ತು ಬಟ್ಟೆ ಬಿಚ್ಚಿ ತೋರಿಸು ಅಂದರೆ “ಅರಿಶಿನ ಮೆತ್ತಿದೀನಿ ಬಿಡೇ” ಅಂದಿದ್ದಳು. ನಾನೂ “ನೋಡ್ಕೊಂಡು ಹೆಚ್ಚಬಾರದಾ?” ಅಂತ ಬೈದು ಸುಮ್ಮನಾಗಿದ್ದೆ. ಬೈಯೋಕೆ ಬಿಡುವಿತ್ತು, ನೋಡೋಕೆ ಬಿಡುವಿರಲಿಲ್ಲ.

ನಮ್ಮನೆಯವರು ಹೊಟ್ಟೆ ಹಿಡ್ಕೊಂಡು ಹೊರಗೆ ಬರೋ ಹೊತ್ತಿಗೆ ನಾನು ನಿಂತೇ ಇದ್ದೆ. “ರೀ, ನೀವು ಹೇಳಿದ್ದೇ ಸರಿ” ಅಂದೆ. ಈ ಮಾತು ಕೇಳಲಿ ಅಂತ ಅವರು ಹನ್ನೆರಡು ವರ್ಷ ಕಾದಿದ್ದರು. ಕೇಳಿ ಖುಷಿಪಡೋ ಸ್ಥಿತಿ ಇರಲಿಲ್ಲ.

ಮೇಲೂರಿಗೆ ಆಗಲೇ ಹೊರಟೆ; ನೇರ ಬಸ್ಸು ಮಧ್ಯಾಹ್ನಕ್ಕೆ, ಬೆಳಗ್ಗೆಯಾದರೆ ಶಿಡ್ಲಘಟ್ಟದಲ್ಲಿ ಇಳಿದು ಬಸ್ಸು ಬದಲಾಯಿಸಬೇಕು. ಆವತ್ತು ಆ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಬಸ್ಸಿನ ನೆತ್ತಿ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಏರಿಸ್ತಾನೇ ಇದ್ದರು. ನನಗೆ ಎಂಟು ಒಂಬತ್ತು ವರ್ಷ ಇದ್ದಾಗ ನಮ್ಮೂರಲ್ಲಿ ಒಬ್ಬರಿಗೆ ಹುಚ್ಚುನಾಯಿ ಕಚ್ಚಿತ್ತು. ಹಾಕಿದ ಬಾಗಿಲಿನ ಮುಂದೆ ಹಾದುಹೋಗುವಾಗ ಒಳಗಿಂದ ಬಂದ ಸದ್ದು ಇವತ್ತಿಗೂ ಕಿವೀಲಿದೆ. ಅವರಿಗೂ ಶುರುವಾಗಿದ್ದು ಜ್ವರದಿಂದಲೇ. ಆಮೇಲೆ ನೀರಿನ ಚೊಂಬು ಕಂಡರೆ ಕಿರುಚೋರಂತೆ. ದೇವರೇ, ಅಮ್ಮ ನೀರು ಕುಡಿದರೆ ಸಾಕು ಅಂದುಕೊಂಡೆ. ದಾರಿಯುದ್ದಕ್ಕೂ ಬೇರೆ ಪ್ರಾರ್ಥನೆಯೇ ಇಲ್ಲ. ಅಮ್ಮ ನೀರು ಕುಡೀಲಿ.

ಮನೆ ಬಾಗಿಲಲ್ಲಿ ತಮ್ಮನ ಹೆಂಡತಿ ಪದ್ಮ. “ಅತ್ತಿಗೆ, ಏನು ಹೀಗೆ ದಿಢೀರಂತ?” ಅಂದಳು.

“ಜ್ವರ ಯಾರಿಗೆ?”

“ಅತ್ತೇಗೆ. ಶುಕ್ರವಾರದಿಂದ. ಹೇಳಿ ಕಳಿಸಿದ್ನಲ್ಲ, ಎದ್ದ ಮೇಲೆ ಬರ್ತಾರೆ ಅಂತ?”

ಅವಳು ಹೇಳಿದ್ದು ಸರಿಯಾಗೇ ಇತ್ತು. ಕಂಡಕ್ಟರ್ ತಂದಿದ್ದೂ ಸರಿಯಾಗೇ ಇತ್ತು. ಹೆಚ್ಚು ತಿಳಿದವಳು ನಾನೊಬ್ಬಳೇ.

ಒಳಗೆ ನುಗ್ಗಿದೆ. ಅಮ್ಮ ಹುಳುಮನೆ ಬಾಗಿಲ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದಳು. ಕಣ್ಣು ಕೆಂಪಗಿತ್ತು. ಬಲಗೈ ಸೆರಗಿನೊಳಗಿತ್ತು. ನನ್ನನ್ನ ನೋಡಿ ಮೊದಲು ಅಂದಿದ್ದೇನು ಗೊತ್ತಾ?

“ಕಾಲು ತೊಳ್ಕೊಂಡು ಬಾರೇ! ಬೀದಿ ಧೂಳೆಲ್ಲ ತಂದು ಹುಳುಮನೆಗೆ ಬರ್ತೀಯಾ?”

ಬೈದಳು! ದನಿ ಅವಳದೇ. ನನಗೆ ಅರ್ಧ ಜೀವ ಬಂತು. ಆದರೆ ಅರ್ಧ ಸಾಲದು. ಕಾಲು ತೊಳೆದು, ಚೊಂಬಿನಲ್ಲಿ ಕುಡಿಯೋ ನೀರು ತುಂಬಿಸಿ ತಂದು ಅವಳ ಮುಂದೆ ಹಿಡಿದೆ.

“ಕುಡಿಯಮ್ಮ.”

“ಬೇಡ.”

“ಕುಡಿ.”

“ಬಾಯಾರಿಕೆ ಇಲ್ಲ ಕಣೇ.”

“ಅಮ್ಮ, ದಮ್ಮಯ್ಯ, ಒಂದೇ ಗುಟುಕು.”

ಚೊಂಬು ಅವಳ ಬಾಯಿ ಹತ್ತಿರಕ್ಕೇ ನೂಕಿದೆ, ನೀರು ಚಾಪೆ ಮೇಲೆ ಚೆಲ್ಲಿತು. ಅಮ್ಮ ನೀರನ್ನ ನೋಡಿದಳು. ನನ್ನನ್ನ ನೋಡಿದಳು. ಎದ್ದು ಕೂತು, ಎಡಗೈಲಿ ಚೊಂಬು ತಗೊಂಡು, ತಲೆ ಎತ್ತಿ ಕುಡಿದಳು. ನಾನು ಅವಳ ಗಂಟಲನ್ನೇ ನೋಡ್ತಾ ಇದ್ದೆ. ಒಂದು ಗುಟುಕು, ಎರಡು, ಮೂರು. ಚೊಂಬು ಖಾಲಿ ಮಾಡಿ ನೆಲಕ್ಕೆ ಕುಕ್ಕಿದಳು.

“ಆಯ್ತಾ? ಇನ್ನೂ ಒಂದು ಕೊಡ ತರ್ತೀಯಾ?”

ನಾನು ಅಲ್ಲೇ ಕೂತು ಗೊಳೋ ಅಂತ ಅತ್ತೆ.

ಆಮೇಲೆ ಕೈ ಎಳೆದುಕೊಂಡು ಬಟ್ಟೆ ಬಿಚ್ಚಿದೆ. ಈ ಸಲ ಅವಳೂ ತಡೀಲಿಲ್ಲ. ಅಂಗೈ ಅಂಚಿನಲ್ಲಿ ಎರಡು ತೂತು, ಹಿಂಭಾಗದಲ್ಲಿ ಇನ್ನೊಂದು. ಸುತ್ತ ಊದಿಕೊಂಡು ಕೀವು ತುಂಬಿತ್ತು. ಜ್ವರ ಅದರದು. ಈಳಿಗೆಗೆ ಹಲ್ಲಿರುತ್ತಾ?

“ಯಾವಾಗ ಕಚ್ಚಿದ್ದಮ್ಮ?”

“ಹೊರಡೋ ಹಿಂದಿನ ದಿನ, ಶನಿವಾರ ಸಾಯಂಕಾಲ. ಮುದ್ದೆ ಇಡೋಕೆ ಹೋದೆ. ಯಾಕೋ ಮಂಕಾಗಿದ್ದ. ಬೇಕೂಂತ ಮಾಡಲಿಲ್ಲ ಕಣೇ ಅವನು.”

“ಯಾಕಮ್ಮ ಹೇಳಲಿಲ್ಲ?”

ಅಮ್ಮ ಸೆರಗು ಸರಿಮಾಡ್ಕೊಂಡಳು.

“ಚೀಟಿ ಕಳಿಸಿದ್ನಲ್ಲ? ಆಗಲಾದ್ರೂ ಹೇಳಬಾರದಿತ್ತಾ?”

“ಪದ್ಮ ಓದಿದಳು. ನಾಯಿ ಮೇಲೆ ಸಾಕ್ಷಿ ಹುಡುಕ್ತಿದೀರಿ ಅಂದ್ಕೊಂಡೆ. ಅದಕ್ಕೆ ಅಂಥಾದ್ದೇನಿಲ್ಲ ಅನ್ನು ಅಂದೆ.” ತಗ್ಗಿದ ದನೀಲಿ ಕೇಳಿದಳು: “ಹೇಗಿದಾನೆ ಅವನು? ಊಟ ಮಾಡ್ತಿದಾನಾ?”

ಹೇಳಿ, ಏನು ಹೇಳಲಿ? ಅಮ್ಮ ಒಂಬತ್ತು ದಿನದಿಂದ ತನ್ನ ಜೀವ ಪಣಕ್ಕಿಟ್ಟು ಕಾಪಾಡ್ತಿರೋ ನಾಯಿ ನಮ್ಮ ಹಿತ್ತಲಲ್ಲಿ ಮೂರು ದಿನದಿಂದ ಮಣ್ಣಲ್ಲಿದೆ. ಆ ಒಂದು ಸಾಲು ಚೀಟೀಲಿ ಬರೆದಿದ್ದರೆ ಅವಳು ಶನಿವಾರವೇ ಬರ್ತಿದ್ದಳು. ಅವಳಿಗೆ ನೋವಾದೀತು ಅಂತ ನಾನು ಸಾವು ಮುಚ್ಚಿಟ್ಟೆ. ಅವನಿಗೆ ನೋವಾದೀತು ಅಂತ ಅವಳು ಗಾಯ ಮುಚ್ಚಿಟ್ಟಳು. ನಾವಿಬ್ಬರೂ ಎಂಥಾ ಜಾಣೆಯರು!

ಹೇಳಿದೆ. ಅಮ್ಮ “ಉಪ್ಪು ಹಾಕಿದ್ರಾ?” ಅಂದಳು. ಹೂಂ ಅಂದೆ. ಆಮೇಲೆ ಅತ್ತಳು.

ಹೊರಡಿಸೋದೇನು ಸುಲಭವಾ? “ಹದಿನಾಲ್ಕು ದಿನ ಹೋದರೆ ಹುಳು ಯಾರು ನೋಡ್ತಾರೆ? ನಾಲ್ಕನೇ ಜ್ವರ ಎದ್ದ ಮೇಲೆ ಬರ್ತೀನಿ ಹೋಗು” ಅಂದಳು. ತಮ್ಮ ಬಂದು ಕೈ ಮುಗಿದ. ಪದ್ಮ ಕಾಲು ಹಿಡಿದಳು. ನಾನು ಬೈದೆ. (ಇನ್ನೇನು ಬರುತ್ತೆ ನನಗೆ?) ಕೊನೆಗೆ ಪದ್ಮ “ಅತ್ತೆ, ಹುಳು ಒಂದು ಬೆಳೆ ಹೋದ್ರೆ ಇನ್ನೊಂದು ಬರ್ತದೆ, ನೀವು ಬರ್ತೀರಾ?” ಅಂದಾಗ ಸುಮ್ಮನಾದಳು. ಆ ಹುಡುಗಿ ನನ್ನ ಹಾಗೆ ಕಿರುಚಲಿಲ್ಲ. ಗಮನಿಸಿದೆ.

ಮಂಗಳವಾರ ಬೆಳಗ್ಗೆ ಆಸ್ಪತ್ರೆ. ಅಲ್ಲಿನ ಡಾಕ್ಟರು ಗಾಯ ನೋಡಿದರು. ಕಚ್ಚಿದ ತಕ್ಷಣ ಸೋಪು ಹಾಕಿ, ನೀರು ಸುರಿದು ಸುರಿದು ತೊಳೆದು ಅವತ್ತೇ ಬರಬೇಕಿತ್ತು ಅಂದರು. ಅರಿಶಿನ ಮೆತ್ತಿ ಬಟ್ಟೆ ಬಿಗಿದಿದ್ದು ಸರಿಯಲ್ಲ ಅಂದರು. “ಈಗಲಾದರೂ ಬಂದಿರಲ್ಲ, ಅದೇ ನಿಮ್ಮ ಪುಣ್ಯ. ಇದು ಹತ್ತು ದಿನಕ್ಕೆಲ್ಲ ತೋರಿಸಿಕೊಳ್ಳೋದು ಅಪರೂಪ. ಆದರೆ ಒಂದು ದಿನವೂ ತಪ್ಪಿಸಬೇಡಿ” ಅಂದರು. ಗುಣವಾಗುತ್ತಾ ಅಂತ ಕೇಳಿದೆ. ಹದಿನಾಲ್ಕೂ ಮುಗೀಲಿ, ಅದಾದ ಮೇಲೂ ಕೆಲವು ತಿಂಗಳು ಎಚ್ಚರವಾಗಿರೋಣ ಅಂದರು. ಧೈರ್ಯವಾಗಿರಿ ಅಂದರು. ಹೌದು ಅಂತ ಮಾತ್ರ ಹೇಳಲಿಲ್ಲ.

ಆ ಆಸ್ಪತ್ರೇಲಿ ಇರೋದು ಒಂದೇ ಬೆಂಚು. ಹನ್ನೆರಡು ವರ್ಷ ಬಾಗಿಲ ಹಿಂದೆ ನಿಂತ ಅತ್ತೆ ಒಂದು ತುದೀಲಿ, ಅಳಿಯ ಇನ್ನೊಂದು ತುದೀಲಿ. ಕಂಪೌಂಡರ್ ಕೂಗಿದಾಗ ಮೊದಲು ಇವರು ಹೋಗಿ ಬಂದರು. ಅಮ್ಮ ಸೆರಗು ಮುಖಕ್ಕೆ ಎಳೆದುಕೊಂಡು, ಗೋಡೆ ನೋಡ್ತಾ, ಜೀವಮಾನದಲ್ಲಿ ಮೊದಲ ಸಲ ಅಳಿಯನ ಜೊತೆ ನೇರ ಮಾತಾಡಿದಳು.

“ತುಂಬಾ ನೋಯ್ತದಾ?”

“ಇಲ್ಲ ಅತ್ತೆ, ಇರುವೆ ಕಚ್ಚಿದ ಹಾಗೆ.”

ಒಳಗಿದ್ದಾಗ ಅವರು ಎಷ್ಟು ಸಲ ಕೆಮ್ಮಿದರು ಅಂತ ನನಗೆ ಗೊತ್ತು.

ಇವತ್ತು ಸೋಮವಾರ. ಅವರಿಗೆ ಒಂಬತ್ತು ಮುಗೀತು, ಅಮ್ಮನಿಗೆ ಏಳು. ಜ್ವರ ಇಳಿದಿದೆ, ಕೈ ಊತ ಇಳಿದಿದೆ. ದಿನಾ ಬೆಳಗ್ಗೆ ಎದ್ದ ತಕ್ಷಣ ನಾನು ನೀರಿನ ಚೊಂಬು ಹಿಡಿದು ಅಮ್ಮನ ಮುಂದೆ ನಿಲ್ತೀನಿ. ಅವಳು ಬೈಕೊಂಡು ಕುಡೀತಾಳೆ. ಆಮೇಲೇ ನಮ್ಮನೇಲಿ ಒಲೆ ಹಚ್ಚೋದು. ಮೇಲೂರಿನಲ್ಲಿ ಈಗ ನಿಜವಾಗಲೂ ನಾಲ್ಕನೇ ಜ್ವರಕ್ಕೆ ದಿನ ಹತ್ತಿರ ಬಂದಿದೆ. ಅಮ್ಮನ ಮೈ ಇಲ್ಲಿ, ಮನಸ್ಸು ತಟ್ಟೆಗಳ ಮೇಲೆ.

ಹಿತ್ತಲಿನ ಕಣಗಿಲೆ ಚಿಗುರಿದೆ. ನಿನ್ನೆ ಸುಬ್ಬಮ್ಮನೋರು ಗೋಡೆ ಮೇಲಿಂದ “ನಮ್ಮೂರಲ್ಲಿ ಒಳ್ಳೆ ಮರಿ ಇದೆ, ತರಿಸಿಕೊಡ್ಲಾ?” ಅಂದರು. ನಮ್ಮನೆಯವರು ನನ್ನ ಮುಖ ನೋಡಿದರು. ಅಮ್ಮನೂ ನೋಡಿದಳು. ಆಗ ನನಗೆ ಹೊಳೀತು.

ಅಮ್ಮನಿಗೆ ಕಚ್ಚಿದ ಆ ಶನಿವಾರ ಬೆಳಗ್ಗೆ ಶೇಕ್‌ದಾರ ಹೂವಾಡಗಿತ್ತಿ ಸೆರಗು ಹರಿದಾಗ, ಹಿತ್ತಲ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದ್ದು ನಾನೇ. “ಇನ್ನೊಂದು ಸಲ ಯಾರಿಗಾದ್ರೂ ಬಾಯಿ ಹಾಕಲಿ, ಅವತ್ತೇ ಮುನಿಸಿಪಾಲಿಟಿಯವರಿಗೆ ಹಿಡಿದುಕೊಟ್ಟು ಹೊಡೆಸಿಹಾಕ್ತೀನಿ!” ಪಕ್ಕದಲ್ಲೇ ಅಮ್ಮ ಹುರುಳಿಕಾಯಿ ಬಿಡಿಸ್ತಾ ಕೂತಿದ್ದಳು. ಅದೇ ಸಾಯಂಕಾಲ ಅವಳ ಕೈಗೆ ಬಾಯಿ ಬಿತ್ತು. ನಮ್ಮನೆಯವರು ಕೂಡ ತರಚಿದ ಬೆರಳನ್ನ ಮಾರನೇ ದಿನದವರೆಗೂ ನನಗೆ ತೋರಿಸದೆ ಜೇಬಿನಲ್ಲೇ ಇಟ್ಕೊಂಡು ಓಡಾಡಿದ್ದರು.

ಇವತ್ತು ಆಸ್ಪತ್ರೆಯಿಂದ ನಡೆದು ಬರುವಾಗ ಅಮ್ಮನನ್ನ ಕೇಳಿಯೇಬಿಟ್ಟೆ. “ಹೋಗಲಿ, ಗುಟ್ಟಾಗಿ ನನ್ನೊಬ್ಬಳ ಹತ್ರಾನಾದ್ರೂ ಹೇಳಬಹುದಿತ್ತಲ್ಲಮ್ಮ?”

ಅಮ್ಮ ಹೊಟ್ಟೆ ಮೇಲೆ ಕೈ ಇಟ್ಕೊಂಡು ನಿಧಾನವಾಗಿ ನಡೀತಿದ್ದಳು. ನಿಂತಳು.

“ಬೇರೆ ಯಾರ ಹತ್ರಾನಾದ್ರೂ ಹೇಳ್ತಿದ್ದೆ ಕಣೇ” ಅಂದಳು.

ನಿಮ್ಮನೇಲಿ ಕಚ್ಚಿಸಿಕೊಂಡವರು ನಿಮ್ಮ ಹತ್ರ ಹೇಳ್ತಾರಾ?